ಹಳೆ ಪಿಸಿಗಳ ಪ್ಯಾರಿಟಿ ಮೆಮೊರಿ: ಕೆಟ್ಟದ್ದು ಯಾವುದು, ಖೋಟಾ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಮಾತೆಲ್ಲ 1981ರ ಐಬಿಎಂ ಪಿಸಿಯಿಂದ ಹಿಡಿದು ಪೆಂಟಿಯಂ ಕಾಲದವರೆಗಿನ ಯಂತ್ರಗಳಿಗೆ ಸಂಬಂಧಿಸಿದ್ದು. ಸಿಮ್ ಎಂದಾಗಲೆಲ್ಲ 30 ಪಿನ್ ಅಥವಾ 72 ಪಿನ್ ಮೆಮೊರಿ ಮಾಡ್ಯೂಲ್ ಎಂದೇ ಅರ್ಥ, ಫೋನಿನ ಸಿಮ್ ಅಲ್ಲ.

ಒಂಬತ್ತನೇ ಬಿಟ್ ಯಾಕೆ ಬೇಕಿತ್ತು?

ಎಂಟು ಬಿಟ್ ಡೇಟಾಗೆ ಒಂದು ಕಾವಲು ಬಿಟ್. ಪಿಸಿಯಲ್ಲಿ ಬಳಸುವುದು ಬೆಸ ಪ್ಯಾರಿಟಿ: ಒಂಬತ್ತೂ ಬಿಟ್ ಸೇರಿಸಿ ಎಣಿಸಿದರೆ 1ಗಳ ಸಂಖ್ಯೆ ಬೆಸವಾಗಿರಬೇಕು. 01000001 ಎಂಬ ಬೈಟಿನಲ್ಲಿ ಎರಡು 1 ಇವೆ, ಹಾಗಾಗಿ ಪ್ಯಾರಿಟಿ ಬಿಟ್ 1 ಆಗುತ್ತದೆ, ಒಟ್ಟು ಮೂರು. ಬರೆಯುವಾಗ ಮದರ್‌ಬೋರ್ಡು ಈ ಬಿಟ್ಟನ್ನು ಲೆಕ್ಕ ಹಾಕಿ ಒಂಬತ್ತನೇ ಚಿಪ್ಪಿನಲ್ಲಿ ಇಡುತ್ತದೆ. ಓದುವಾಗ ಮತ್ತೆ ಲೆಕ್ಕ ಹಾಕುತ್ತದೆ. ತಾಳೆಯಾಗದಿದ್ದರೆ ಪ್ರೊಸೆಸರಿಗೆ ಎನ್‌ಎಂಐ, ಅಂದರೆ ತಡೆಯಲಾಗದ ಇಂಟರಪ್ಟ್ ಹೋಗುತ್ತದೆ, ಯಂತ್ರ ನಿಂತುಬಿಡುತ್ತದೆ.

ಇದರ ಮಿತಿಯೂ ಗೊತ್ತಿರಲಿ. ಒಂದೇ ಬೈಟಿನಲ್ಲಿ ಎರಡು ಬಿಟ್ ಒಟ್ಟಿಗೆ ತಿರುಗಿದರೆ ಪ್ಯಾರಿಟಿಗೆ ಸುಳಿವೇ ಸಿಗುವುದಿಲ್ಲ. ತಪ್ಪು ಯಾವ ಬಿಟ್ಟಿನದು ಎಂದು ಅದು ಹೇಳಲಾರದು, ತಿದ್ದುವುದಂತೂ ದೂರದ ಮಾತು.

ಪರದೆಯ ಮೇಲೆ "ಪ್ಯಾರಿಟಿ ಚೆಕ್ 1" ಅಥವಾ "ಪ್ಯಾರಿಟಿ ಚೆಕ್ 2" ಬರುತ್ತಿದೆ. ಏನು ವ್ಯತ್ಯಾಸ?

1 ಎಂದರೆ ಮದರ್‌ಬೋರ್ಡಿನ ಮೇಲಿನ ಮೆಮೊರಿ. 2 ಎಂದರೆ ಸ್ಲಾಟಿನಲ್ಲಿ ಕೂತಿರುವ ಯಾವುದೋ ಕಾರ್ಡು ದೂರು ಕೊಟ್ಟಿದೆ. ಐಎಸ್‌ಎ (ಆ ಕಾಲದ ಪಿಸಿ ಕಾರ್ಡುಗಳ) ಸ್ಲಾಟಿನ ಎ1 ಎಂಬ ಸಂಪರ್ಕ (ಹಿಂಬದಿ ಬ್ರಾಕೆಟ್ಟಿನ ಕಡೆಯ ಮೊದಲನೆಯದು, ಕಾರ್ಡಿನಲ್ಲಿ ಚಿಪ್ಪುಗಳಿರುವ ಬದಿಯದು) ಈ ಕೆಲಸಕ್ಕೆಂದೇ ಇದೆ. ಅದನ್ನು ಯಾವ ಕಾರ್ಡು ಗ್ರೌಂಡಿಗೆ ಎಳೆದರೂ ಚೆಕ್ 2 ಬರುತ್ತದೆ. ಆ ಕಾರ್ಡಿನಲ್ಲಿ ಮೆಮೊರಿಯೇ ಇರಬೇಕೆಂದಿಲ್ಲ. ಎಷ್ಟೋ ಸಲ ಇದು ಓರೆಯಾಗಿ ಕೂತ ಕಾರ್ಡಿನ ಕೆಲಸ, ಇಲ್ಲವೇ ಸ್ಲಾಟಿನೊಳಗೆ ಬಿದ್ದ ಸಣ್ಣ ಸ್ಕ್ರೂನ ಕೆಲಸ. ಆದ್ದರಿಂದ ಚೆಕ್ 2 ಕಂಡರೆ ಸಿಮ್ ಮುಟ್ಟುವ ಮೊದಲು ವಿಡಿಯೊ ಕಾರ್ಡೊಂದನ್ನು ಬಿಟ್ಟು ಮಿಕ್ಕೆಲ್ಲ ಕಾರ್ಡು ತೆಗೆದು ನೋಡಿ.

ಎಎಂಐ ಕಂಪನಿಯ ಬಯಾಸ್‌ಗಳು (ಬಯಾಸ್ ಎಂದರೆ ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಇದನ್ನೇ "ಆನ್ ಬೋರ್ಡ್ ಪ್ಯಾರಿಟಿ ಎರರ್", "ಆಫ್ ಬೋರ್ಡ್ ಪ್ಯಾರಿಟಿ ಎರರ್" ಎನ್ನುತ್ತವೆ, ಜೊತೆಗೆ ವಿಳಾಸವನ್ನೂ ಕೊಡುತ್ತವೆ. ಪರದೆ ಬೆಳಗುವ ಮೊದಲೇ ಎರಡು ಬೀಪ್ ಬಂದರೆ ಮೊದಲ 64 ಕೆಬಿಯಲ್ಲೇ ಪ್ಯಾರಿಟಿ ತೊಂದರೆ. ಐಬಿಎಂ ಪಿಎಸ್/2 ಸರಣಿಯ ಪಿಸಿ ಬರೀ ಅಂಕಿ ತೋರಿಸಿ ಸುಮ್ಮನಾಗುತ್ತದೆ: 110 ಅಂದರೆ ಮದರ್‌ಬೋರ್ಡು, 111 ಅಂದರೆ ಕಾರ್ಡು.

ಐಬಿಎಂ 5150ಯಲ್ಲಿ (1981ರ ಮೊದಲ ಪಿಸಿ) "1004 201" ಎಂದು ಬಂತು. ಯಾವ ಚಿಪ್ ಕೀಳಬೇಕು?

ಈ ಯಂತ್ರದಷ್ಟು ನೇರವಾಗಿ ಹೇಳುವ ಯಂತ್ರ ಆಮೇಲೆ ಬರಲಿಲ್ಲ. 201 ಅಂದರೆ ಮೆಮೊರಿ ದೋಷ. ಅದರ ಹಿಂದಿನ ನಾಲ್ಕು ಅಂಕಿಗಳಲ್ಲಿ (ಇವು ಹೆಕ್ಸ್, ಅಂದರೆ 16ರ ಲೆಕ್ಕದ ಅಂಕಿಗಳು, 9ರ ನಂತರ ಎಯಿಂದ ಎಫ್) ಮೊದಲೆರಡು ಬ್ಯಾಂಕು, ಅಂದರೆ ಒಟ್ಟಿಗೆ ಓದುವ ಚಿಪ್ಪುಗಳ ಗುಂಪು, ಕೊನೆಯೆರಡು ಬಿಟ್.

64–256 ಕೆಬಿ ಮದರ್‌ಬೋರ್ಡಿನಲ್ಲಿ ಮೊದಲ ಅಂಕಿಯೇ ಬ್ಯಾಂಕಿನ ಸಂಖ್ಯೆ: 0, 1, 2 ಅಥವಾ 3. ಹಳೆಯ 16–64 ಕೆಬಿ ಬೋರ್ಡಾದರೆ 04, 08, 0ಸಿ ಎಂಬವು ಕ್ರಮವಾಗಿ 1, 2, 3ನೇ ಬ್ಯಾಂಕು. ಕೊನೆಯೆರಡು ಅಂಕಿ 01 ಇದ್ದರೆ ಬಿಟ್ 0, 02 ಇದ್ದರೆ ಬಿಟ್ 1, 04 ಇದ್ದರೆ ಬಿಟ್ 2, ಹೀಗೆ ದುಪ್ಪಟ್ಟಾಗುತ್ತಾ 80 ಅಂದರೆ ಬಿಟ್ 7. ಅಲ್ಲಿ 00 ಬಂದರೆ ಡೇಟಾ ಎಲ್ಲ ಸರಿಯಿದೆ, ಪ್ಯಾರಿಟಿ ಚಿಪ್ ಮೇಲೆ ಅನುಮಾನ ಎಂದರ್ಥ. 03, 1ಎಫ್ ತರಹದ್ದು ಬಂದರೆ ಒಂದಕ್ಕಿಂತ ಹೆಚ್ಚು ಬಿಟ್ ಕೈಕೊಟ್ಟಿವೆ, ಅದನ್ನು ಮೇಲಿನ ಅಂಕಿಗಳಾಗಿ ಬಿಡಿಸಿಕೊಳ್ಳಬೇಕು (03 ಎಂದರೆ 01 ಮತ್ತು 02). ನಿಮ್ಮ 1004ರಲ್ಲಿ ತಪ್ಪಿರುವುದು 1ನೇ ಬ್ಯಾಂಕಿನ ಬಿಟ್ 2.

ಎಲ್ಲ ಬಿಟ್ಟೂ ಒಟ್ಟಿಗೆ ತಪ್ಪು ಎಂದು ಬಂದರೆ ಎಂಟು ಚಿಪ್ ಒಟ್ಟಿಗೆ ಸತ್ತಿಲ್ಲ. ಸ್ವಿಚ್ಚುಗಳಲ್ಲಿ ಮೆಮೊರಿ ಪ್ರಮಾಣ ತಪ್ಪಾಗಿ ಇಟ್ಟಿರುತ್ತೀರಿ, ಇಲ್ಲವೇ ಆ ಬ್ಯಾಂಕಿನ ರಾಸ್ ಅಥವಾ ಕಾಸ್ ಗೆರೆ (ಚಿಪ್ಪಿಗೆ ವಿಳಾಸದ ಸಾಲು, ಕಂಬ ಬಂತೆಂದು ಹೇಳುವ ಸಂಕೇತದ ಗೆರೆ) ತುಂಡಾಗಿರುತ್ತದೆ.

ಇನ್ನೊಂದು ಮಾತು. 16 ಕೆಬಿಯ 4116 ಚಿಪ್ಪಿಗೆ +5 ವೋಲ್ಟ್ ಒಂದೇ ಸಾಲದು, 1ನೇ ಕಾಲಿಗೆ -5 ಮತ್ತು 8ನೇ ಕಾಲಿಗೆ +12 ಕೂಡ ಬೇಕು. -5 ಇಲ್ಲದೆ ಯಂತ್ರ ಹಾಕಿದರೆ ಚಿಪ್ ಬೆಂದುಹೋಗುತ್ತದೆ. ಹೊಸ ಚಿಪ್ ಹಾಕುವ ಮೊದಲು ಆ ಮೂರೂ ವೋಲ್ಟೇಜು ಅಳೆಯಿರಿ. 4164ಗೆ ಈ ಗೋಳಿಲ್ಲ: 8ನೇ ಕಾಲಿಗೆ +5, 16ನೆಯದು ಗ್ರೌಂಡ್, ಅಷ್ಟೇ.

386 ಅಥವಾ 486 ಬೋರ್ಡು. ಸಿಮ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಏನು ನೋಡಬೇಕು?

ಸಂಪರ್ಕ. ಹತ್ತರಲ್ಲಿ ಎಷ್ಟು ಎಂದು ಲೆಕ್ಕ ಕೊಡುವುದಿಲ್ಲ, ಆದರೆ ಮೊದಲು ನೋಡಬೇಕಾದದ್ದು ಅದನ್ನೇ. ಸಿಮ್ಮಿನ ಅಂಚನ್ನು ಮೆತ್ತನೆ ಬಿಳಿ ಇರೇಸರಿನಿಂದ ಎರಡೂ ಬದಿ ಒಂದೇ ದಿಕ್ಕಿನಲ್ಲಿ ಉಜ್ಜಿ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಉಜ್ಜು ಕಾಗದ ಬೇಡ, ಲೇಪ ಹೋದರೆ ಮತ್ತೆ ಬರುವುದಿಲ್ಲ. ತವರದ ಸಾಕೆಟ್ಟಿನಲ್ಲಿ ಚಿನ್ನದ ಲೇಪದ ಸಿಮ್ ಕೂತಿದ್ದರೆ ಉಜ್ಜಾಟದಿಂದ ಅಲ್ಲೊಂದು ಕಪ್ಪು ಪದರ ಬೆಳೆಯುತ್ತದೆ. ಮಂಗಳೂರು, ಕಾರವಾರದ ಕಡೆ ಎರಡು ಮಳೆಗಾಲ ಅಟ್ಟದಲ್ಲಿ ಕಳೆದ ಯಂತ್ರವಾದರೆ ಈ ಹೆಜ್ಜೆ ಬಿಡಲೇಬೇಡಿ.

ಆಮೇಲೆ ಸಾಕೆಟ್. ಸಿಮ್ಮನ್ನು ಓರೆಯಾಗಿ ಇಳಿಸಿ ನೆಟ್ಟಗೆ ಎತ್ತಿದಾಗ ಎರಡೂ ಕೊಂಡಿ ಕಚ್ಚಬೇಕು. ಪ್ಲಾಸ್ಟಿಕ್ ಕೊಂಡಿ ಮುರಿದಿದ್ದರೆ ಸಿಮ್ ಕೂದಲೆಳೆಯಷ್ಟು ಹಿಂದಕ್ಕೆ ವಾಲುತ್ತದೆ. ತಣ್ಣಗಿರುವಾಗ ಓಡುವ ಯಂತ್ರ ಬಿಸಿಯಾದ ಮೇಲೆ ಪ್ಯಾರಿಟಿ ಎರರ್ ಕೊಡುವುದಕ್ಕೆ ಅಷ್ಟು ಸಾಕು. ಬೆರಳಲ್ಲಿ ಸಿಮ್ಮನ್ನು ಮುಂದಕ್ಕೆ ಒತ್ತಿ ಹಿಡಿದಾಗ ದೋಷ ಮಾಯವಾದರೆ ಇದೇ ಕಾರಣ.

ಮೂರನೆಯದು ಬ್ಯಾಟರಿ. ಬೋರ್ಡಿನ ಮೂಲೆಯಲ್ಲಿ ನೀಲಿಯೋ ಹಸಿರೋ ಪೀಪಾಯಿ ಆಕಾರದ 3.6 ವೋಲ್ಟ್ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿ ಇದ್ದರೆ ಅದು ಸೋರಿರುವ ಸಾಧ್ಯತೆಯೇ ಹೆಚ್ಚು. ಸೋರಿದ ರಸ ತಾಮ್ರದ ಗೆರೆಗಳನ್ನು ತಿನ್ನುತ್ತಾ ಪಕ್ಕದಲ್ಲಿರುವ ಸಿಮ್ ಸಾಕೆಟ್ಟಿಗೆ ಬರುತ್ತದೆ. ಬ್ಯಾಟರಿ ಕತ್ತರಿಸಿ ತೆಗೆದು, ಆ ಜಾಗಕ್ಕೆ ವಿನೆಗರ್ ಹಚ್ಚಿ ನೊರೆ ನಿಂತ ಮೇಲೆ ನೀರಿನಲ್ಲಿ, ನಂತರ ಆಲ್ಕೊಹಾಲಿನಲ್ಲಿ ತೊಳೆದು ಒಣಗಿಸಿ.

ಕೊನೆಗೆ ವೋಲ್ಟೇಜು. 30 ಪಿನ್ ಸಾಕೆಟ್ಟಿನ 1 ಮತ್ತು 9ನೇ ಪಿನ್‌ಗಳ ನಡುವೆ ಯಂತ್ರ ಓಡುತ್ತಿರುವಾಗ 4.75ಕ್ಕಿಂತ ಕಡಿಮೆ ಇದ್ದರೆ ಪವರ್ ಸಪ್ಲೈ ನೋಡಿ, ಮೆಮೊರಿ ಅಲ್ಲ.

ಬಯಾಸ್ ಪರೀಕ್ಷೆ ಪಾಸಾಗುತ್ತದೆ, ಎಣಿಕೆ ಪೂರ್ತಿಯಾಗುತ್ತದೆ. ಡಾಸ್ ಲೋಡ್ ಆಗುವಾಗ ಪ್ಯಾರಿಟಿ ಎರರ್. ಇದು ಹೇಗೆ?

ಪರೀಕ್ಷೆಗೆ ಬಳಸುವ ಮಾದರಿಗಳನ್ನು ನೋಡಿ. 00 ಬೈಟಿನಲ್ಲಿ 1 ಒಂದೂ ಇಲ್ಲ. 55ರಲ್ಲಿ ನಾಲ್ಕು, ಎಎಯಲ್ಲಿ ನಾಲ್ಕು, ಎಫ್‌ಎಫ್‌ನಲ್ಲಿ ಎಂಟು. ಎಲ್ಲವೂ ಸಮ ಸಂಖ್ಯೆ. ಅಂದರೆ ಈ ನಾಲ್ಕಕ್ಕೂ ಪ್ಯಾರಿಟಿ ಬಿಟ್ 1 ಆಗಿರುತ್ತದೆ. ಪ್ಯಾರಿಟಿ ಚಿಪ್ 1ರಲ್ಲಿ ಅಂಟಿಕೊಂಡು ಸತ್ತಿದ್ದರೂ ಈ ನಾಲ್ಕು ಮಾದರಿಗೆ ಅದು ಪಾಸ್. ಡಾಸ್ ಬಂದು ನಿಜವಾದ ಕೋಡು ಬರೆದ ಕೂಡಲೇ 1ಗಳ ಸಂಖ್ಯೆ ಬೆಸವಾಗಿರುವ ಬೈಟ್ ಸಿಗುತ್ತದೆ, ಗುಟ್ಟು ರಟ್ಟಾಗುತ್ತದೆ. ಐಬಿಎಂ ತನ್ನ ಪಿಸಿಯ ಪರೀಕ್ಷೆಯಲ್ಲಿ 01 ಎಂಬ ಮಾದರಿಯನ್ನೂ ಸೇರಿಸಿದ್ದರ ಲಾಭ ಇಲ್ಲೇ: ಒಂದೇ 1 ಇರುವ ಬೈಟಿಗೆ ಪ್ಯಾರಿಟಿ 0 ಆಗಲೇಬೇಕು.

ಆದ್ದರಿಂದ ಮೆಮೊರಿ ಪರೀಕ್ಷೆಯ ತಂತ್ರಾಂಶ ಓಡಿಸುವಾಗ ಯಾದೃಚ್ಛಿಕ ಮಾದರಿ ಇರುವುದನ್ನೇ ಆರಿಸಿ. ಡೇಟಾ ಪರೀಕ್ಷೆ ಗಂಟೆಗಟ್ಟಲೆ ಪಾಸಾಗಿ, ಪ್ಯಾರಿಟಿ ಆನ್ ಮಾಡಿದಾಗ ಮಾತ್ರ ಯಂತ್ರ ನಿಲ್ಲುತ್ತಿದ್ದರೆ ತಪ್ಪು ಇರುವುದು ಒಂಬತ್ತನೇ ಚಿಪ್ಪಿನಲ್ಲಿ ಅಥವಾ ಅದರ ದಾರಿಯಲ್ಲಿ. ಈ ತಂತ್ರಾಂಶಗಳ ಕಣ್ಣಿಗೆ ಪ್ಯಾರಿಟಿ ಬಿಟ್ ನೇರವಾಗಿ ಬೀಳುವುದೇ ಇಲ್ಲ.

ವಿಳಾಸ ಕೊಡುತ್ತದಲ್ಲ, ಅದರಿಂದ ಯಾವ ಸಿಮ್ ಎಂದು ಗೊತ್ತಾಗುವುದಿಲ್ಲವೆ?

ಬ್ಯಾಂಕು ಗೊತ್ತಾಗುತ್ತದೆ, ಸಿಮ್ ಅಲ್ಲ. 386ಡಿಎಕ್ಸ್ ಮತ್ತು 486ರಲ್ಲಿ ನಾಲ್ಕು 30 ಪಿನ್ ಸಿಮ್ ಸೇರಿ ಒಂದು 32 ಬಿಟ್ ಬ್ಯಾಂಕು (286, 386ಎಸ್‌ಎಕ್ಸ್‌ನಲ್ಲಿ ಎರಡು). ಪ್ರತಿ ಸಿಮ್ಮೂ ಪ್ರತಿ ವಿಳಾಸದಲ್ಲಿ ಒಂದೊಂದು ಬೈಟ್ ಹೊತ್ತಿರುತ್ತದೆ. ಹಾಗಾಗಿ 1 ಎಂಬಿಯ ನಾಲ್ಕು ಸಿಮ್ ಇರುವ ಬೋರ್ಡಿನಲ್ಲಿ "ಮೂರನೇ ಎಂಬಿಯಲ್ಲಿ ದೋಷ" ಬಂದರೆ ಮೂರನೇ ಸಿಮ್ ಕೆಟ್ಟಿದೆ ಎಂದಲ್ಲ. ಎರಡು ಬ್ಯಾಂಕಿದ್ದರೆ ಒಳ್ಳೆಯದೆಂದು ಗೊತ್ತಿರುವ ನಾಲ್ಕನ್ನು ಮೊದಲ ಬ್ಯಾಂಕಿನಲ್ಲಿಟ್ಟು, ಅನುಮಾನದವುಗಳಲ್ಲಿ ಒಂದೊಂದನ್ನೇ ಬದಲಿಸಿ ನೋಡಬೇಕು. ದೋಷ ಸಿಮ್ಮಿನ ಹಿಂದೆ ಹೋದರೆ ಸಿಮ್ ಕೆಟ್ಟಿದೆ. ಸಾಕೆಟ್ಟಿನಲ್ಲೇ ನಿಂತರೆ ಬೋರ್ಡು.

ಖೋಟಾ ಪ್ಯಾರಿಟಿ ಎಂದರೇನು?

ಒಂಬತ್ತನೇ ಮೆಮೊರಿ ಚಿಪ್ಪಿನ ಜಾಗದಲ್ಲಿ ಒಂದು ಅಗ್ಗದ ಲಾಜಿಕ್ ಚಿಪ್. ಅದು ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಬೋರ್ಡು ಬರೆಯಲು ಕೊಟ್ಟ ಪ್ಯಾರಿಟಿ ಬಿಟ್ಟನ್ನು ಬಿಸಾಡುತ್ತದೆ. ಓದುವ ಹೊತ್ತಿಗೆ ಎಂಟು ಡೇಟಾ ಬಿಟ್ ಹೊರಗೆ ಬಂದ ಮೇಲೆ ಅವನ್ನೇ ನೋಡಿಕೊಂಡು ತಾಳೆಯಾಗುವ ಪ್ಯಾರಿಟಿಯನ್ನು ಆ ಕ್ಷಣಕ್ಕೆ ತಯಾರಿಸಿ ಕೊಡುತ್ತದೆ. ಡೇಟಾ ಕೆಟ್ಟಿದ್ದರೆ ಕೆಟ್ಟ ಡೇಟಾಗೆ ಸರಿಯಾದ ಪ್ಯಾರಿಟಿ! ಉತ್ತರ ಪತ್ರಿಕೆ ನೋಡಿಕೊಂಡೇ ಪ್ರಶ್ನೆ ಬರೆದ ಹಾಗೆ. ಡೇಟಾ ಕೆಟ್ಟರೂ ಪ್ಯಾರಿಟಿ ಎರರ್ ಬರುವುದಿಲ್ಲ, ಮಾಲೀಕನಿಗೆ ಬಹಳ ಖುಷಿ.

ಎಲ್ಲವೂ ಮೋಸವಲ್ಲ ಎಂಬುದನ್ನೂ ಹೇಳಬೇಕು. "ಲಾಜಿಕ್ ಪ್ಯಾರಿಟಿ" ಎಂದು ಹೆಸರಿಟ್ಟು ಬಹಿರಂಗವಾಗಿ ಮಾರಿದವರೂ ಇದ್ದರು, ಪ್ಯಾರಿಟಿ ಇಲ್ಲದೆ ಏಳದ ಬೋರ್ಡಿಗೆ ಅದು ಅಗ್ಗದ ದಾರಿ. ಮೋಸವಾದದ್ದು ಅದನ್ನೇ ಅಸಲಿ ಬೆಲೆಗೆ ಮಾರಿದಾಗ. ಇದು ಹಬ್ಬಿದ್ದು 1990ರ ದಶಕದ ಮೊದಲರ್ಧದಲ್ಲಿ, ಮೆಮೊರಿ ದುಬಾರಿಯಾಗಿದ್ದ ಕಾಲ. ಒಂಬತ್ತರಲ್ಲಿ ಒಂದು ಭಾಗ ಉಳಿಸಿದರೆ ಅದೇ ಲಾಭ. 1993ರ ಜುಲೈನಲ್ಲಿ ಜಪಾನಿನ ನಿಹಾಮಾದಲ್ಲಿ ಸುಮಿಟೊಮೊ ಕೆಮಿಕಲ್‌ನ ಎಪಾಕ್ಸಿ ಘಟಕ ಸ್ಫೋಟಗೊಂಡಾಗ ಚಿಪ್ ಕವಚದ ಅಂಟಿಗೆ ಬರ ಬಂದು ಬೆಲೆ ಇನ್ನಷ್ಟು ಜಿಗಿಯಿತು. 1995ರಲ್ಲಿ ಬಂದ ಇಂಟೆಲ್ 430ಎಫ್‌ಎಕ್ಸ್ ಚಿಪ್‌ಸೆಟ್ಟು ಪ್ಯಾರಿಟಿಯನ್ನೇ ಕೈಬಿಟ್ಟ ಮೇಲೆ ಸಾಮಾನ್ಯ ಪಿಸಿಗೆ ಖೋಟಾ ಮಾಡುವ ಅಗತ್ಯವೂ ಉಳಿಯಲಿಲ್ಲ.

ಕಣ್ಣಿಗೆ ನೋಡಿ ಗುರುತಿಸಬಹುದೆ?

ಬಹುಪಾಲು. ಚಿಪ್ ಎಣಿಸಿ, ಅಂಕಿ ಓದಿ. 1 ಎಂಬಿಯ 30 ಪಿನ್ ಸಿಮ್ ಎರಡು ಬಗೆ: ಒಂದು ಮೆಗಾಬಿಟ್ಟಿನ ಒಂಬತ್ತು ಒಂದೇ ತರಹದ ಚಿಪ್ಪುಗಳದ್ದು, ಇಲ್ಲವೇ ನಾಲ್ಕು ಬಿಟ್ ಅಗಲದ ಎರಡು ದೊಡ್ಡವು (514400 ತರಹದ ಅಂಕಿ) ಮತ್ತು ಒಂದು ಸಣ್ಣದು. ಆ ಸಣ್ಣದರ ಮೇಲೆ ಎಚ್‌ಎಂ511000, ಟಿಸಿ511000, ಕೆಎಂ41ಸಿ1000, ಎಂಬಿ81ಸಿ1000, ಟಿಎಂಎಸ್4ಸಿ1024 ಇಂಥದ್ದೇನಾದರೂ ಇದ್ದರೆ ಅದು ಮೆಮೊರಿ. ಅಂಕಿಯ ಬಾಲದಲ್ಲಿ -7, -70, -80 ಎಂಬ ವೇಗವೂ, ಪಕ್ಕದಲ್ಲಿ 9132 ತರಹ ವರ್ಷ ಮತ್ತು ವಾರವೂ (1991ರ 32ನೇ ವಾರ) ಇರಬೇಕು.

ಬಿಪಿ, ವಿಟಿ, ಜಿಎಸ್‌ಎಂ, ಎಂಪಿಇಸಿ ಎಂಬ ಅಕ್ಷರಗಳು ಕಂಡರೆ ಖೋಟಾ ಎಂದೇ ತಿಳಿಯಿರಿ. ವೇಗದ ಬಾಲವಿಲ್ಲದ, ಕಂಪನಿಯ ಗುರುತಿಲ್ಲದ ಚಿಪ್ಪಿನ ಮೇಲೂ ಅನುಮಾನ ಇರಲಿ. ಮೇಲ್ಮೈ ಮಂಕಾಗಿ, ಉಜ್ಜಿದ ಗೀರುಗಳಿದ್ದು ಅದರ ಮೇಲೆ ಹೊಸ ಮುದ್ರೆ ಹೊಳೆಯುತ್ತಿದ್ದರೆ ಅದು ಬೇರೆಯದೇ ಮೋಸ: 80 ನ್ಯಾನೊಸೆಕೆಂಡಿನ ಚಿಪ್ಪಿಗೆ 60ರ ವೇಷ. ಲೆನ್ಸ್ ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿದರೆ ಕಾಣುತ್ತದೆ.

ಮುದ್ರೆ ಅಳಿಸಿದೆ. ಮಲ್ಟಿಮೀಟರಿನಿಂದ ಖಚಿತ ಮಾಡಿಕೊಳ್ಳುವುದು ಹೇಗೆ?

ಮೆಮೊರಿ ಚಿಪ್ಪಿಗೆ ವಿಳಾಸದ ಗೆರೆಗಳು ಬೇಕೇ ಬೇಕು, ಆದರೆ ಡೇಟಾ ಗೆರೆ ತನ್ನ ಒಂದು ಬಿಟ್ಟಿನದಷ್ಟೇ ಸಾಕು. ಪ್ಯಾರಿಟಿ ತಯಾರಿಸುವ ಲಾಜಿಕ್ ಚಿಪ್ಪಿಗೆ ತದ್ವಿರುದ್ಧ: ಎಂಟೂ ಡೇಟಾ ಗೆರೆ ಬೇಕು, ವಿಳಾಸ ಬೇಡವೇ ಬೇಡ. ತಾಮ್ರದ ಗೆರೆ ಸುಳ್ಳು ಹೇಳುವುದಿಲ್ಲ.

ಸಿಮ್ಮನ್ನು ಯಂತ್ರದಿಂದ ಹೊರತೆಗೆದು ಮೇಜಿನ ಮೇಲಿಡಿ. ಪಕ್ಕದ ಕಚ್ಚು ಇರುವ ತುದಿಯೇ 1ನೇ ಪಿನ್. ಮೀಟರನ್ನು ಬೀಪ್ ಮೋಡಿಗೆ ಹಾಕಿ, ಒಂದು ಮೊನೆಯನ್ನು 4ನೇ ಪಿನ್ನಿನ ಮೇಲಿಟ್ಟು (ಇದು ಎ0) ಇನ್ನೊಂದನ್ನು ಅನುಮಾನದ ಚಿಪ್ಪಿನ ಕಾಲುಗಳ ಮೇಲೆ ಒಂದೊಂದಾಗಿ ಎಳೆಯುತ್ತಾ ಹೋಗಿ. ಬೀಪ್ ಬಂದರೆ ಒಳ್ಳೆಯ ಸೂಚನೆ. ಹಾಗೆಯೇ 5, 7, 8, 11, 12, 14, 15, 17, 18 ನೋಡಿ. 1 ಎಂಬಿ ಸಿಮ್ಮಿನ ಅಸಲಿ ಚಿಪ್ಪಾದರೆ ಈ ಹತ್ತೂ ಬೀಪ್ ಕೊಡುತ್ತವೆ. ಆಮೇಲೆ ಡೇಟಾ ಪಿನ್‌ಗಳು: 3, 6, 10, 13, 16, 20, 23, 25. ಇವು ಅಸಲಿಯಲ್ಲಿ ಪ್ಯಾರಿಟಿ ಚಿಪ್ಪಿನ ಹತ್ತಿರವೂ ಸುಳಿಯಬಾರದು. ಎಂಟೂ ಬಂದು ಅಲ್ಲಿ ಸೇರಿದರೆ ಖೋಟಾ, ಮತ್ತೆ ಚರ್ಚೆಯಿಲ್ಲ. ಕೊನೆಗೆ 26 (ಪ್ಯಾರಿಟಿ ಹೊರಗೆ), 28 (ಪ್ಯಾರಿಟಿಯ ಕಾಸ್), 29 (ಪ್ಯಾರಿಟಿ ಒಳಗೆ) ನೋಡಿ. 29 ಎಲ್ಲಿಗೂ ಹೋಗದಿದ್ದರೆ ಬರೆದದ್ದನ್ನು ಹಿಡಿದಿಡುವ ಉದ್ದೇಶವೇ ಆ ಸಿಮ್ಮಿಗಿಲ್ಲ.

ಮೂರನೆಯ ಬಗೆಯೂ ಒಂದಿದೆ: ವಿಳಾಸವೂ ಇಲ್ಲ, ಡೇಟಾವೂ ಇಲ್ಲ, ಬರೀ ಪ್ಲಾಸ್ಟಿಕ್ ತುಂಡು. ಪ್ಯಾರಿಟಿ ನೋಡದ ಬೋರ್ಡಿಗೆ ಹಾಕುವವರಿಗೆ ಚಿಪ್ ಲೆಕ್ಕ ತೋರಿಸಿ ಮಾರಲು ಮಾಡಿದ್ದು. ಪ್ಯಾರಿಟಿ ಆನ್ ಮಾಡಿದರೆ ತಕ್ಷಣ ಸಿಕ್ಕಿಬೀಳುತ್ತದೆ, ಹಾಗಾಗಿ ಅಷ್ಟು ಅಪಾಯಕಾರಿಯಲ್ಲ.

ಮೀಟರಿನ ಮೊನೆ ಇಡಲು ಕೈ ನಡುಗುತ್ತದೆ. ಯಂತ್ರದಲ್ಲೇ ಪರೀಕ್ಷಿಸಬಹುದೆ?

30 ಪಿನ್ ಸಿಮ್ಮಾದರೆ ಟೇಪ್ ಪರೀಕ್ಷೆ ಇದೆ. ಪ್ಯಾರಿಟಿ ಆನ್ ಇರುವ, ಸರಿಯಾಗಿ ಓಡುತ್ತಿರುವ ಬೋರ್ಡು ಬೇಕು. 2 ಮಿಲಿಮೀಟರ್ ಅಗಲಕ್ಕೆ ಕ್ಯಾಪ್ಟಾನ್ ಟೇಪ್, ಅಂದರೆ ವಿದ್ಯುತ್ ಹರಿಯಗೊಡದ ತೆಳು ಟೇಪ್ ಕತ್ತರಿಸಿ (ಪಿನ್ನುಗಳ ಅಂತರ 2.54 ಮಿಮೀ, ಹಾಗಾಗಿ ಪಕ್ಕದ್ದಕ್ಕೆ ತಾಗಬಾರದು) 29ನೇ ಪಿನ್ನಿನ ಎರಡೂ ಬದಿ ಮುಚ್ಚಿ. ಇದು ಕಚ್ಚಿಲ್ಲದ ತುದಿಯಿಂದ ಎರಡನೆಯದು. ಸಿಮ್ ಹಾಕಿ ಯಂತ್ರ ಆನ್ ಮಾಡಿ.

ಅಸಲಿ ಚಿಪ್ಪಿಗೆ ಈಗ ಬರೆಯಬೇಕಾದ ಬಿಟ್ ತಲುಪುವುದಿಲ್ಲ, ಪ್ಯಾರಿಟಿ ಎರರ್ ಬಂದೇ ಬರುತ್ತದೆ. ಖೋಟಾ ಆ ಪಿನ್ನನ್ನು ಮೊದಲಿಂದಲೂ ನೋಡಿದ್ದೇ ಇಲ್ಲ, ಏನೂ ಆಗದವರಂತೆ ಓಡುತ್ತದೆ. ಮೆಮೊರಿ ಎಣಿಕೆ ಮುಗಿದ ಕೂಡಲೇ ತೀರ್ಪು ಕೊಡಬೇಡಿ. ಮುಚ್ಚಿದ ಪಿನ್ 1 ಎಂದೇ ಓದಿಸಿದರೆ ಮೇಲೆ ಹೇಳಿದ 00, 55, ಎಎ, ಎಫ್‌ಎಫ್ ಕಾರಣಕ್ಕೆ ಎಣಿಕೆ ಪಾಸಾಗಬಹುದು. ಡಾಸ್ ಪ್ರಾಂಪ್ಟ್ ಬಂದು ಒಂದು ದೊಡ್ಡ ಪ್ರೋಗ್ರಾಂ ಓಡುವವರೆಗೆ ಕಾಯಿರಿ. ಮುಗಿದ ಮೇಲೆ ಟೇಪಿನ ಅಂಟು ಒರೆಸುವುದು ಮರೆಯಬೇಡಿ, ಇಲ್ಲವಾದರೆ ಮುಂದಿನ ವಾರ ಹೊಸ ದೋಷ ಹುಡುಕುತ್ತಿರುತ್ತೀರಿ.

72 ಪಿನ್ ಸಿಮ್ಮಿನಲ್ಲಿ ಈ ಆಟ ನಡೆಯುವುದಿಲ್ಲ. ಅಲ್ಲಿ ಪ್ಯಾರಿಟಿ ಒಳಗೂ ಹೊರಗೂ ಒಂದೇ ಪಿನ್ (35ರಿಂದ 38, ನಾಲ್ಕು ಬೈಟಿಗೆ ನಾಲ್ಕು). ಮುಚ್ಚಿದರೆ ಅಸಲಿಯೂ ಖೋಟಾವೂ ಎರಡೂ ಎರರ್ ಕೊಡುತ್ತವೆ. ಅದಕ್ಕೆ ಮೀಟರೇ ಗತಿ: 12ರಿಂದ 18ರವರೆಗಿನ ವಿಳಾಸ ಪಿನ್ನುಗಳು ಪ್ಯಾರಿಟಿ ಚಿಪ್ಪಿಗೆ ಹೋಗಿವೆಯೇ ನೋಡಿ. ಅಂತರ 1.27 ಮಿಮೀ ಮಾತ್ರ, ಮೊನೆಗೆ ಹೊಲಿಗೆ ಸೂಜಿ ಕಟ್ಟಿಕೊಳ್ಳಿ.

72 ಪಿನ್ನಿನಲ್ಲಿ ಚಿಪ್ ಎಣಿಕೆಯೊಂದರಿಂದಲೇ ಯಾರನ್ನೂ ಕಳ್ಳ ಅನ್ನಬೇಡಿ. 16 ಎಂಬಿಯ ಅಸಲಿ ಪ್ಯಾರಿಟಿ ಸಿಮ್ಮಿನಲ್ಲಿ ಸಾಮಾನ್ಯವಾಗಿ ಎಂಟು ದೊಡ್ಡವು, ನಾಲ್ಕು ಸಣ್ಣವು. ಆದರೆ ನಾಲ್ಕು ಕಾಸ್ ಇರುವ ಒಂದೇ ಚಿಪ್ಪಿನಲ್ಲಿ ನಾಲ್ಕೂ ಪ್ಯಾರಿಟಿ ಬಿಟ್ ಇಟ್ಟ ಒಂಬತ್ತು ಚಿಪ್ಪಿನ ಅಸಲಿಗಳೂ ಇವೆ.

ಖೋಟಾ ಸಿಮ್ ನನ್ನ ಯಂತ್ರದಲ್ಲಿ ಚೆನ್ನಾಗಿಯೇ ಓಡುತ್ತಿದೆ. ಎಲ್ಲಿ ತೊಂದರೆ ಕೊಡುತ್ತದೆ?

ಎರಡು ಕಡೆ. ಒಂದು, ಇಂಟೆಲ್ 430ಎಚ್‌ಎಕ್ಸ್ ತರಹ ಪ್ಯಾರಿಟಿ ಬಿಟ್‌ಗಳನ್ನೇ ಇಸಿಸಿಗೆ (ತಪ್ಪು ಹಿಡಿದು ತಿದ್ದುವ ಸಂಕೇತಕ್ಕೆ) ಬಳಸುವ ಬೋರ್ಡುಗಳು. ಅಲ್ಲಿ ಎರಡು ಸಿಮ್ಮಿನ ನಾಲ್ಕು ನಾಲ್ಕು ಬಿಟ್ ಸೇರಿ 64 ಬಿಟ್ ಡೇಟಾಗೆ ಎಂಟು ಬಿಟ್ ಸಂಕೇತ. ಅದು ಪ್ಯಾರಿಟಿ ಲೆಕ್ಕವೇ ಅಲ್ಲ. ಬರೆದದ್ದನ್ನು ಬಿಸಾಡಿ ತನ್ನದೇ ಲೆಕ್ಕ ಕೊಡುವ ಚಿಪ್ ಅಲ್ಲಿ ಪ್ರತಿ ಓದಿಗೂ ತಪ್ಪು ಹೇಳುತ್ತದೆ. ಬಯಾಸಿನಲ್ಲಿ ಇಸಿಸಿ ಆರಿಸಿದ ಕೂಡಲೇ ಯಂತ್ರ ಏಳದೆ, ಪ್ಯಾರಿಟಿಗೆ ಇಳಿಸಿದಾಗ ಎದ್ದರೆ ಸಿಮ್ ಖೋಟಾ ಇರುವ ಸಾಧ್ಯತೆ ದೊಡ್ಡದು.

ಇನ್ನೊಂದು ವೇಗ. ಲಾಜಿಕ್ ಚಿಪ್ ಎಂಟು ಬಿಟ್ ಬಂದ ಮೇಲೆ ಲೆಕ್ಕ ಶುರು ಮಾಡಬೇಕು, ಅದಕ್ಕೆ ಹತ್ತು ನ್ಯಾನೊಸೆಕೆಂಡ್ ಆಸುಪಾಸು ಬೇಕು. 60ರ ಸಿಮ್ಮಿನಲ್ಲಿ ಡೇಟಾ 60ಕ್ಕೆ ಬಂದರೆ ಪ್ಯಾರಿಟಿ 70ರ ಹತ್ತಿರ ಬರುತ್ತದೆ. ವೇಯ್ಟ್ ಸ್ಟೇಟ್ (ಮೆಮೊರಿಗಾಗಿ ಪ್ರೊಸೆಸರ್ ಹೆಚ್ಚುವರಿಯಾಗಿ ಕಾಯುವ ಹೊತ್ತು) ಸೊನ್ನೆ ಇಟ್ಟ ಬೋರ್ಡಿನಲ್ಲಿ ಡೇಟಾ ಸರಿಯಿದ್ದೂ ಸುಳ್ಳು ಪ್ಯಾರಿಟಿ ಎರರ್ ಬರುತ್ತದೆ. ವೇಯ್ಟ್ ಸ್ಟೇಟ್ ಒಂದು ಮಾಡಿದಾಗ ವಾಸಿಯಾದರೆ ಇದನ್ನೂ ನೆನಪಿಡಿ.

ಅಸಲಿ ಮೂರು ಚಿಪ್ಪಿನ ಸಿಮ್ ಹಳೆಯ 286ರಲ್ಲಿ ಐದು ನಿಮಿಷಕ್ಕೊಮ್ಮೆ ನಿಲ್ಲುತ್ತದೆ. 486ರಲ್ಲಿ ಏನೂ ಆಗುವುದಿಲ್ಲ. ಯಾಕೆ?

ರಿಫ್ರೆಶ್, ಅಂದರೆ ಚಿಪ್ಪಿನಲ್ಲಿ ಸೋರುತ್ತಲೇ ಇರುವ ಡೇಟಾವನ್ನು ಆಗಾಗ ಮತ್ತೆ ತುಂಬುವುದು. ಒಂದು ಬಿಟ್ ಅಗಲದ 1 ಮೆಗಾಬಿಟ್ ಚಿಪ್ಪಿಗೆ 8 ಮಿಲಿಸೆಕೆಂಡಿನಲ್ಲಿ 512 ಸಾಲು ರಿಫ್ರೆಶ್ ಸಾಕು. ನಾಲ್ಕು ಬಿಟ್ ಅಗಲದ 4 ಮೆಗಾಬಿಟ್ ಚಿಪ್ಪಿಗೆ 16 ಮಿಲಿಸೆಕೆಂಡಿನಲ್ಲಿ 1024 ಸಾಲು ಬೇಕು. ಗತಿ ಒಂದೇ, ಆದರೆ ಎಣಿಸುವ ಕೌಂಟರಿಗೆ ಒಂದು ಬಿಟ್ ಹೆಚ್ಚು ಬೇಕು. 512ರವರೆಗೆ ಮಾತ್ರ ಎಣಿಸುವ ಹಳೆಯ ಬೋರ್ಡಿನಲ್ಲಿ ದೊಡ್ಡ ಚಿಪ್ಪಿನ ಅರ್ಧ ಸಾಲುಗಳಿಗೆ ರಿಫ್ರೆಶ್ ಸಿಗುವುದೇ ಇಲ್ಲ. ಬರೆದ ತಕ್ಷಣ ಓದುವ ಬಯಾಸ್ ಪರೀಕ್ಷೆ ಪಾಸ್, ಸ್ವಲ್ಪ ಹೊತ್ತಿನ ಮೇಲೆ ಡೇಟಾ ಸೋರಿ ಪ್ಯಾರಿಟಿ ಎರರ್. ಆ ಬೋರ್ಡಿಗೆ ಒಂಬತ್ತು ಚಿಪ್ಪಿನದನ್ನೇ ಹಾಕಿ. ಒಂದೇ ಬ್ಯಾಂಕಿನಲ್ಲಿ ಎರಡು ಬಗೆ ಬೆರೆಸುವುದೂ ಬೇಡ.

ಪ್ಯಾರಿಟಿಯನ್ನೇ ಆಫ್ ಮಾಡಿದರೆ?

ಎಎಂಐ ಬಯಾಸಿನಲ್ಲಿ "ಮೆಮೊರಿ ಪ್ಯಾರಿಟಿ ಎರರ್ ಚೆಕ್" ಎಂಬ ಆಯ್ಕೆ ಇರುತ್ತದೆ. ಇಲ್ಲದಿದ್ದರೆ ಎಟಿ ಬಗೆಯ (286 ಮತ್ತು ನಂತರದ) ಯಂತ್ರದಲ್ಲಿ ಡಾಸಿನ ಡಿಬಗ್ ತೆರೆದು ಪೋರ್ಟ್ 61ಕ್ಕೆ (ಹೆಕ್ಸ್) 0ಸಿ ಬರೆದರೆ ಬಿಟ್ 2 ಮತ್ತು 3 ಏರಿ ಬೋರ್ಡಿನ ಪ್ಯಾರಿಟಿಯೂ ಕಾರ್ಡಿನ ದೂರೂ ಎರಡೂ ಬಂದ್. ಅದಕ್ಕೂ ಹಳೆಯ ಎಕ್ಸ್‌ಟಿಯಲ್ಲಿ ಇದೇ ಕೆಲಸ ಬಿಟ್ 4 ಮತ್ತು 5ರದು. ಅಲ್ಲಿ ಮಾತ್ರ ಮೊದಲು ಪೋರ್ಟನ್ನು ಓದಿ ಆ ಎರಡು ಬಿಟ್ ಅಷ್ಟೇ ಏರಿಸಿ ಬರೆಯಿರಿ, ಅದೇ ಪೋರ್ಟಿನಲ್ಲಿ ಕೀಬೋರ್ಡಿನ ಬಿಟ್ಟುಗಳೂ ಇವೆ.

ದೋಷ ಹುಡುಕಲು ಇದು ಒಳ್ಳೆಯ ಸಾಧನ. ಆಫ್ ಮಾಡಿದ ಮೇಲೆ ಡೇಟಾ ಪರೀಕ್ಷೆ ರಾತ್ರಿಯಿಡೀ ಪಾಸಾದರೆ ಕೆಟ್ಟದ್ದು ಪ್ಯಾರಿಟಿ ಬದಿ ಮಾತ್ರ, ಆಟಕ್ಕೋ ಪ್ರದರ್ಶನಕ್ಕೋ ಇಟ್ಟ ಯಂತ್ರವಾದರೆ ಹಾಗೇ ಓಡಿಸಬಹುದು. ಡೇಟಾವೂ ತಪ್ಪುತ್ತಿದ್ದರೆ ಆಫ್ ಮಾಡುವುದೆಂದರೆ ಹೊಗೆ ಬಂತೆಂದು ಕಿಟಕಿ ಮುಚ್ಚಿದ ಹಾಗೆ. ಹಾರ್ಡ್ ಡಿಸ್ಕಿಗೆ ಬರೆಯುವ ಫೈಲುಗಳು ಸದ್ದಿಲ್ಲದೆ ಕೆಡುತ್ತಾ ಹೋಗುತ್ತವೆ.

ರಿಪೇರಿ ಸಾಧ್ಯವೆ?

ಸಾಕೆಟ್ಟಿನಲ್ಲಿರುವ 4164, 41256 ಆದರೆ ಚಿಪ್ ಬದಲಿಸಿದರೆ ಮುಗಿಯಿತು, ಕಚ್ಚಿನ ದಿಕ್ಕು ನೋಡಿಕೊಳ್ಳಿ. ಬೆಸುಗೆ ಹಾಕಿದ್ದಾದರೆ ಕಾಲುಗಳನ್ನು ಕತ್ತರಿಸಿ ಒಂದೊಂದಾಗಿ ತೆಗೆದು ಸಾಕೆಟ್ ಹಾಕುವುದೇ ಮೇಲು, ಚಿಪ್ಪಿನ ಆಸೆಗೆ ಬೋರ್ಡಿನ ಪ್ಯಾಡ್ ಕಿತ್ತುಕೊಳ್ಳಬೇಡಿ.

ಸಿಮ್ಮಿನಲ್ಲಿ ಸುಲಭವಾದದ್ದು ಒಂದಿದೆ. ಎರಡು ಚಿಪ್ಪಿನ, ಪ್ಯಾರಿಟಿ ಇಲ್ಲದ ಎಷ್ಟೋ ಸಿಮ್‌ಗಳ ಹಲಗೆ ಮೂರು ಚಿಪ್ಪಿಗೆಂದೇ ಮಾಡಿದ್ದು, ಮೂರನೆಯ ಜಾಗ ಖಾಲಿ. ಅಲ್ಲಿಂದ 26, 28, 29ನೇ ಪಿನ್ನುಗಳಿಗೆ ಗೆರೆ ಇದೆಯೇ ಎಂದು ಮೀಟರಿನಲ್ಲಿ ನೋಡಿ, ಇದ್ದರೆ ಅದೇ ವೇಗದ, ಇಲ್ಲವೇ ಇನ್ನೂ ವೇಗದ 511000 ಬಗೆಯ ಚಿಪ್ಪನ್ನು ಬೆಸೆಯಿರಿ. ಪಕ್ಕದ ಖಾಲಿ ಪ್ಯಾಡಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರೂ ಬೇಕು, ಅದಿಲ್ಲದೆ ಆಗೊಮ್ಮೆ ಈಗೊಮ್ಮೆ ಎರರ್ ಬರುವ ಸಿಮ್ ನಿಮ್ಮದಾಗುತ್ತದೆ. ಖೋಟಾ ಚಿಪ್ ತೆಗೆದು ಅಸಲಿ ಹಾಕುವುದು ಹೀಗಲ್ಲ, ಹಲಗೆಯ ಗೆರೆಗಳೇ ಬೇರೆ. ಅದಕ್ಕೆ ಕೈ ಹಾಕಬೇಡಿ.

ಒಳ್ಳೆಯ ಸಿಮ್ ಯಾವುದು ಹಾಕಿದರೂ ಒಂದೇ ಸಾಕೆಟ್ ತಪ್ಪು ಹೇಳುತ್ತಿದ್ದರೆ ಬೋರ್ಡಿನ ಮೇಲೆ 74ಎಫ್280 ಅಥವಾ 74ಎಲ್‌ಎಸ್280 ಇದೆಯೇ ಹುಡುಕಿ. ಪ್ಯಾರಿಟಿ ಲೆಕ್ಕ ಹಾಕುವುದು 14 ಕಾಲಿನ ಈ ಚಿಪ್ಪೇ, ಬೈಟಿಗೊಂದು. ಪಕ್ಕದ್ದರ ಜೊತೆ ಅದಲು ಬದಲು ಮಾಡಿದಾಗ ದೋಷವೂ ಜಾಗ ಬದಲಿಸಿದರೆ ಸಿಕ್ಕಿತು. ಚಿಪ್‌ಸೆಟ್ಟಿನ ಒಳಗೇ ಇರುವ ಹೊಸ ಬೋರ್ಡುಗಳಲ್ಲಿ ಈ ಅನುಕೂಲ ಇಲ್ಲ.

ಗುಜರಿಯಲ್ಲಿ ಕೊಳ್ಳುವಾಗ ಏನು ನೋಡಲಿ? ಮನೆಯಲ್ಲಿರುವ ಖೋಟಾಗಳನ್ನು ಎಸೆಯಲೆ?

ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಬೇರೆಲ್ಲಾಗಲಿ ಅಂಗಡಿಯವರು "ನೈನ್ ಚಿಪ್, ಪ್ಯಾರಿಟಿ" ಎನ್ನುವುದು ಚಿಪ್ ಎಣಿಸಿ ಮಾತ್ರ. ಒಂಬತ್ತೂ ಒಂದೇ ಅಂಕಿಯ, ಹತ್ತಿರದ ವಾರಗಳ ಚಿಪ್ಪಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಮೂರು ಚಿಪ್ಪಿನದರಲ್ಲಿ ಸಣ್ಣದರ ಅಂಕಿ ಓದದೆ ದುಡ್ಡು ಕೊಡಬೇಡಿ. ಲೆನ್ಸೊಂದು ಜೇಬಿನಲ್ಲಿರಲಿ.

ಖೋಟಾವನ್ನು ಎಸೆಯುವುದು ಬೇಡ. ಅದರ ಎಂಟು ಬಿಟ್ ಅಸಲಿಯೇ. ಪ್ಯಾರಿಟಿ ಕೇಳದ ಹಳೆಯ ಮ್ಯಾಕಿಂಟೋಷ್‌ಗಳಿಗೆ, ಪ್ಯಾರಿಟಿ ಆಫ್ ಮಾಡಬಹುದಾದ 486ಗೆ ಸರಿಹೋಗುತ್ತದೆ. ಸೌಂಡ್ ಬ್ಲಾಸ್ಟರ್ ಎಡಬ್ಲ್ಯುಇ32 ಕಾರ್ಡಿನಲ್ಲಿ ಎರಡು 30 ಪಿನ್ ಸಾಕೆಟ್ ಇರುತ್ತದೆ, ಸಂಗೀತದ ಮಾದರಿಗಳನ್ನು ತುಂಬಲು. ಅಲ್ಲಿ ಒಂಬತ್ತನೇ ಬಿಟ್ಟನ್ನು ಯಾರೂ ಕೇಳುವುದಿಲ್ಲ. ಸಿಮ್ಮಿನ ಬೆನ್ನಿಗೆ ಸಣ್ಣ ಚೀಟಿ ಅಂಟಿಸಿ "8 ಬಿಟ್" ಎಂದು ಬರೆದಿಡಿ, ನಿಮ್ಮ ಡಬ್ಬದಿಂದ ಮುಂದೆ ಯಾರೋ ಅದನ್ನು ಎತ್ತಿಕೊಂಡು ಹೋಗುತ್ತಾರೆ.